ಸೂರಿಲ್ಲದ ಚರ್ಚಿನ ಅಂಗಳದಲ್ಲಿ ಮೂರು ದಿನ

ಮೊದಲ ದಿನ: ಕಾರ್ಕ್‌ನಿಂದ ಡಿಂಗಲ್‌ಗೆ

ಐರ್ಲೆಂಡಿನ ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ನನ್ನ ಬೆರಳು ಮತ್ತೆ ಮತ್ತೆ ಎಡವುತ್ತಿದ್ದುದು ‘ಕಿಲ್’ ಎಂಬ ಶಬ್ದಕ್ಕೆ. ಕಿಲ್ಕೆನಿ, ಕಿಲ್ಡೇರ್, ಕಿಲಾರ್ನಿ. ಊರೂರಿಗೂ ಕೊಲ್ಲುವ ಹೆಸರನ್ನೇ ಇಟ್ಟಿದ್ದಾರೆಯೇ ಎಂದು ಮಗಳನ್ನು ಕೇಳಿದೆ. ಅವಳು ನಕ್ಕು, ಇಲ್ಲಿಯ ಭಾಷೆಯಲ್ಲಿ ‘ಕಿಲ್’ ಎಂದರೆ ಚರ್ಚು ಎಂದಳು. ಸಂನ್ಯಾಸಿಯ ಕೋಣೆ ಎಂಬರ್ಥದ ಲ್ಯಾಟಿನ್ನಿನ ‘ಕೆಲ್ಲಾ’ ಜನರ ಬಾಯಲ್ಲಿ ಸವೆದು ‘ಕಿಲ್’ ಆಗಿದೆ. ಕೆಲವು ಊರುಗಳಲ್ಲಿ ಮಾತ್ರ ಅದು ಕಾಡು ಎಂಬರ್ಥದ ಬೇರೊಂದು ಪದದಿಂದ ಬಂದದ್ದು. ಅಲ್ಲಿಗೆ ಇಡೀ ನಕಾಶೆಯೇ ಚರ್ಚುಗಳ ಪಟ್ಟಿಯಾಗಿ ಕಾಣತೊಡಗಿತು. ಅವುಗಳಲ್ಲಿ ಎಷ್ಟೋ ಈಗ ನಾಲ್ಕು ಗೋಡೆ ಮಾತ್ರ ಉಳಿದ, ಸುತ್ತ ಸಮಾಧಿಗಳು ನೆರೆದ ಪಾಳುಗಳು.

ಕೋಟೆಗಳನ್ನು ನೋಡಿ ಸಾಕಾಗಿತ್ತು. ಉಳಿದ ಶನಿವಾರ, ಭಾನುವಾರ ಮತ್ತು ಮಗಳು ರಜೆ ಹಾಕಿದ ಒಂದು ಸೋಮವಾರವನ್ನು ಒಂದೇ ಒಂದು ಪಾಳು ಚರ್ಚಿಗೆ ಮೀಸಲಿಡೋಣ ಎಂದು ಹಟ ಹಿಡಿದವನು ನಾನು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದವನ ಹಟವದು, ಮಗಳು ಒಪ್ಪಿದಳು. ಆರಿಸಿಕೊಂಡದ್ದು ಕೆರಿ ಪ್ರಾಂತದ ಡಿಂಗಲ್ ಪರ್ಯಾಯದ್ವೀಪದ ಪಶ್ಚಿಮ ತುದಿಯ ಸಮೀಪವಿರುವ ಕಿಲ್‌ಮಲ್ಕೇದರ್ ಚರ್ಚನ್ನು.

ಆಗಸ್ಟ್ ಕೊನೆಯ ವಾರ ದಕ್ಷಿಣ ಐರ್ಲೆಂಡಿನ ಕಾರ್ಕ್ ನಗರದಿಂದ ಹೊರಟೆವು. ಮಕ್ರೂಮ್, ಕಿಲಾರ್ನಿ ದಾಟುವವರೆಗೆ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕ್ಯಾಸಲ್‌ಮೇನ್ ಬಿಟ್ಟ ಮೇಲೆ ಎಡಗಡೆಗೆ ಕಡಲು ತೆರೆದುಕೊಳ್ಳುತ್ತದೆ. ಇಂಚ್ ಎಂಬಲ್ಲಿ ಮೈಲುಗಟ್ಟಲೆ ಉದ್ದದ ಮರಳಿನ ನಾಲಗೆಯೊಂದು ನೀರಿನೊಳಕ್ಕೆ ಚಾಚಿಕೊಂಡಿದೆ. ಅಲ್ಲಿ ಕಾರು ನಿಲ್ಲಿಸಿ, ಗಾಳಿಗೆ ಬಾಗಿಲು ತೆಗೆಯಲಾಗದೆ, ಒಳಗೇ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಛತ್ರಿಯನ್ನು ನಾನು ಅಲ್ಲಿಯೇ ಕಳೆದುಕೊಂಡೆ. ಕಳೆದುಕೊಂಡೆ ಎನ್ನುವುದಕ್ಕಿಂತ, ಬಿಚ್ಚಿದ ಗಳಿಗೆಯಲ್ಲೇ ಅದು ಒಳಮೈ ಹೊರಗಾಗಿ ನನ್ನನ್ನು ಬಿಟ್ಟು ಹೋಯಿತು ಎನ್ನಬೇಕು. ಈ ಸೀಮೆಗೆ ಬರುವವರಿಗೆ ಟೊಪ್ಪಿಗೆಯಿರುವ ಮಳೆಯಂಗಿಯೊಂದೇ ಗತಿ, ಛತ್ರಿ ಮನೆಯಲ್ಲಿರಲಿ.

ಮಧ್ಯಾಹ್ನ ಅನಸ್ಕಾಲ್ ಎಂಬ ಹಳ್ಳಿಯಲ್ಲಿ ಊಟ. ಟಾಮ್ ಕ್ರೀನ್‌ನ ಊರು ಇದು. 1877ರಲ್ಲಿ ಈ ಮಗ್ಗುಲಲ್ಲೇ ರೈತಾಪಿ ಮನೆಯಲ್ಲಿ ಹುಟ್ಟಿ, ನೌಕಾದಳ ಸೇರಿ, ಧ್ರುವ ಅನ್ವೇಷಕರಾದ ಸ್ಕಾಟ್ ಮತ್ತು ಶ್ಯಾಕಲ್ಟನ್ ಅವರೊಂದಿಗೆ ಮೂರು ಸಲ ಅಂಟಾರ್ಕ್ಟಿಕಾಕ್ಕೆ ಹೋಗಿಬಂದ ಮನುಷ್ಯ. ಊರಿಗೆ ಮರಳಿ ‘ಸೌತ್ ಪೋಲ್ ಇನ್’ ಎಂಬ ಪಾನಗೃಹ ನಡೆಸಿದ. ನಾವು ಸಸ್ಯಾಹಾರಿಗಳಾದ್ದರಿಂದ ಈ ಕಡಲತೀರದಲ್ಲಿ ಎಲ್ಲರೂ ಹೊಗಳುವ ಮೀನಿನ ಸಾರು ನಮ್ಮ ಪಾಲಿಗಿರಲಿಲ್ಲ. ಸಿಕ್ಕಿದ್ದು ಆಲೂಗಡ್ಡೆ ಮತ್ತು ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪಿನ ಬಿಸಿ ಸೂಪು, ಬೆರಳುದ್ದ ಬೆಣ್ಣೆ ಬಳಿದ ಕಂದು ಸೋಡಾ ಬ್ರೆಡ್ಡು. ತರಕಾರಿ ಸೂಪನ್ನೂ ಕೆಲವೆಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರಾದ್ದರಿಂದ ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಕ್ರೀನ್ 1938ರಲ್ಲಿ ಅಪೆಂಡಿಕ್ಸ್ ಒಡೆದು ಕಾರ್ಕ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನನ್ನು ಹೂಳಿದ್ದು ಊರ ಹೊರಗಿನ ಬ್ಯಾಲಿನಕೋರ್ಟಿ ಎಂಬ ಹಳೆಯ ರುದ್ರಭೂಮಿಯಲ್ಲಿ, ತಾನೇ ಕೈಯಾರೆ ಕಟ್ಟಿಟ್ಟುಕೊಂಡಿದ್ದ ಸಮಾಧಿಯಲ್ಲಿ. ಅಂಟಾರ್ಕ್ಟಿಕಾದ ಹಿಮದಲ್ಲಿ ಒಬ್ಬಂಟಿಯಾಗಿ ಐವತ್ತಾರು ಕಿಲೋಮೀಟರ್ ನಡೆದು ಗೆಳೆಯನ ಜೀವ ಉಳಿಸಿದವನು ಕೊನೆಗೆ ಮಲಗುವುದಕ್ಕೆ ಆರಿಸಿಕೊಂಡದ್ದು ತನ್ನವರ ಮಗ್ಗುಲಲ್ಲಿ ಒಂದು ಗೇಣು ಜಾಗವನ್ನು. ನಮ್ಮ ಧಾರವಾಡದ ಕಡೆ ಯಾರಾದರೂ ತೀರಿಕೊಂಡಾಗ ‘ಮಣ್ಣಿಗೆ ಹೋಗಿಬಂದೆ’ ಎನ್ನುತ್ತೇವೆ. ಅಲ್ಲಿ ನಿಂತಾಗ ನನಗೆ ಬೇರೆ ಯಾವ ಮಾತೂ ಹೊಳೆಯಲಿಲ್ಲ.

ಡಿಂಗಲ್ ಸೇರುವಷ್ಟರಲ್ಲಿ ಸಂಜೆ ಏಳು. ಬೇಸಿಗೆಯಲ್ಲಿ ಈ ಊರಿನ ಕೋಣೆಗಳು ತಿಂಗಳ ಮೊದಲೇ ತುಂಬಿರುತ್ತವೆ. ನಾವು ತಡಮಾಡಿದ್ದರಿಂದ ಊರಿನಿಂದ ತುಸು ಆಚೆ, ವೃದ್ಧೆಯೊಬ್ಬರ ಮನೆಯ ಮಹಡಿಯಲ್ಲಿ ಇಳಿದುಕೊಂಡೆವು. ಆ ತಡವೇ ನಮಗೆ ಲಾಭವಾಯಿತು.

ಎರಡನೆಯ ದಿನ: ಕಿಲ್‌ಮಲ್ಕೇದರ್

ಬೆಳಗ್ಗೆ ಅಡುಗೆಮನೆಯ ರೇಡಿಯೋದಲ್ಲಿ ನಿಧನವಾರ್ತೆ ಓದುತ್ತಿದ್ದರು. ಯಾರು, ಯಾವ ಊರು, ಯಾರ ಪತ್ನಿ, ಯಾರ ಅಜ್ಜಿ, ಪಾರ್ಥಿವ ಶರೀರ ಎಲ್ಲಿರುತ್ತದೆ, ಪೂಜೆ ಎಷ್ಟು ಗಂಟೆಗೆ, ಅನಂತರ ಯಾವ ರುದ್ರಭೂಮಿಗೆ. ಮನೆಯೊಡತಿ ಟೋಸ್ಟ್ ಸುಡುವುದನ್ನು ನಿಲ್ಲಿಸಿ, ಚಮಚ ಹಿಡಿದ ಕೈಯನ್ನು ಗಾಳಿಯಲ್ಲೇ ತಡೆದು, ಎಲ್ಲ ಹೆಸರುಗಳು ಮುಗಿಯುವವರೆಗೆ ಕೇಳಿಸಿಕೊಂಡರು. ‘ಇವತ್ತು ನಮ್ಮವರಾರೂ ಇಲ್ಲ’ ಎಂದು ಮತ್ತೆ ಒಲೆಯ ಕಡೆ ತಿರುಗಿದರು. ಹೊರಗೆ ನೋಡಿ, ‘ಸಾಫ್ಟ್ ಡೇ’ ಎಂದೂ ಸೇರಿಸಿದರು. ಮಳೆ ಬೀಳುತ್ತಿದೆಯೋ ಇಲ್ಲವೋ ಎಂದು ಮೈಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಅಂಥ ದಿನಕ್ಕೆ ಇಲ್ಲಿಯವರು ಇಟ್ಟ ಹೆಸರು ಅದು. ನಮ್ಮ ಜಿಟಿಜಿಟಿ, ತುಂತುರು, ಸೋನೆಗಳಲ್ಲಿ ಸೋನೆಯೇ ಇದಕ್ಕೆ ಹತ್ತಿರ.

ಡಿಂಗಲ್‌ನಿಂದ ಕಿಲ್‌ಮಲ್ಕೇದರ್‌ಗೆ ವಾಯವ್ಯಕ್ಕೆ ಸುಮಾರು 8 ಕಿಲೋಮೀಟರ್. ಇದು ಗೇಲ್‌ತಾಖ್ತ್, ಅಂದರೆ ಐರಿಶ್ ಇನ್ನೂ ಆಡುಮಾತಾಗಿ ಉಳಿದಿರುವ ಸೀಮೆ. ಆದ್ದರಿಂದ ಕೈಮರಗಳಲ್ಲಿ ಇಂಗ್ಲಿಷ್ ಹೆಸರುಗಳು ಮಾಯವಾಗುತ್ತವೆ. ಹುಡುಕುವ ಊರಿನ ಐರಿಶ್ ಹೆಸರನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳದಿದ್ದರೆ ನಮ್ಮ ಹಾಗೆ ಎರಡು ಸಲ ಸುತ್ತಬೇಕಾಗುತ್ತದೆ. ದಾರಿಗಳು ಬೋರೀನ್‌ಗಳು: ಒಂದು ಎತ್ತಿನ ಬಂಡಿ ಹೋಗುವಷ್ಟು ಅಗಲ, ನಡುವೆ ಹುಲ್ಲಿನ ಪಟ್ಟಿ, ಎರಡೂ ಬದಿಗೆ ಆಳೆತ್ತರದ ಫ್ಯೂಷಿಯಾ ಬೇಲಿ. ಕೆಂಪು ಜುಮುಕಿಗಳ ಹಾಗೆ ತಲೆಕೆಳಗಾಗಿ ತೂಗುವ ಆ ಹೂಗಳಿಗೆ ಐರಿಶ್‌ನಲ್ಲಿ ‘ದೇವರ ಕಣ್ಣೀರು’ ಎಂಬ ಹೆಸರಿದೆ. ಹೂ ನೋಡುತ್ತ ಹೋಗುವಾಗ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಯಿತು. ಮಗಳು ಹಿಂದಕ್ಕೆ ಸರಿಸಲು ಹೋಗಿ ಕಾರಿನ ಒಂದು ಚಕ್ರವನ್ನು ಚರಂಡಿಗೆ ಇಳಿಸಿದಳು. ಟ್ರ್ಯಾಕ್ಟರಿನವನು ಇಳಿದು, ಒಂದು ಮಾತೂ ಆಡದೆ ಹಗ್ಗ ಕಟ್ಟಿ, ಕಾರನ್ನು ಮೇಲೆಳೆದು, ಹಗ್ಗ ಸುತ್ತಿಟ್ಟುಕೊಂಡ ಮೇಲೆ, ‘ಈ ಚರಂಡಿಗೆ ಈ ವಾರ ನೀವು ಮೂರನೆಯವರು’ ಎಂದ. ಬಾಡಿಗೆಗೆ ಸಣ್ಣ ಕಾರನ್ನೇ ಕೇಳಿ ಪಡೆದದ್ದು ಎಷ್ಟು ಒಳ್ಳೆಯದಾಯಿತೆಂದು ಆಗ ಗೊತ್ತಾಯಿತು.

ಚರ್ಚು ಇಳಿಜಾರಿನ ಮೇಲಿದೆ. ಟಿಕೆಟ್ಟಿಲ್ಲ, ಕಾವಲುಗಾರನಿಲ್ಲ, ರಸ್ತೆಯಂಚಿನಲ್ಲಿ ಒಂದೆರಡು ಕಾರಿಗೆ ಜಾಗ. ಕೆಳಗೆ ಸ್ಮೆರ್ವಿಕ್ ಕೊಲ್ಲಿ, ಹಿಂದೆ ಮೋಡದಲ್ಲಿ ಮುಳುಗಿದ 952 ಮೀಟರ್ ಎತ್ತರದ ಬ್ರ್ಯಾಂಡನ್ ಬೆಟ್ಟ. ಮೊದಲು ಕಣ್ಣಿಗೆ ಬೀಳುವುದು ಕಟ್ಟಡವಲ್ಲ, ಸಮಾಧಿಗಳು. ಹೊಳಪು ಕೊಟ್ಟ ಹೊಸ ಕರಿಕಲ್ಲುಗಳು, ಕಲ್ಲುಹೂ ಹಿಡಿದ ಹಳೆಯವು, ಓರೆಯಾದವು, ಮುರಿದವು, ಇವುಗಳ ಸಂದಿಯಲ್ಲೆಲ್ಲ ಮೊಣಕಾಲೆತ್ತರವೂ ಇಲ್ಲದ, ಅಕ್ಷರವಿಲ್ಲದ ಕಾಡುಗಲ್ಲುಗಳು. ಇವೆಲ್ಲವನ್ನೂ ಮೈಮೇಲೆ ಹರಡಿಕೊಂಡು ಕೂತ ಹಾಗೆ ನಡುವೆ ಚರ್ಚು.

ಇಲ್ಲಿ ಮಠ ಕಟ್ಟಿದ ಸಂತ ಮೀಲ್‌ಖೇದರ್ 636ರಲ್ಲಿ ತೀರಿಕೊಂಡ. ಜನರ ಬಾಯಲ್ಲಿ ಮಾತ್ರ ಈ ಜಾಗ ಸಂತ ಬ್ರೆಂಡನ್‌ನದು. ಬೆಟ್ಟಕ್ಕೂ ಅವನದೇ ಹೆಸರು. ಈಗ ನಿಂತಿರುವ ಕಟ್ಟಡ 12ನೆಯ ಶತಮಾನದ ನಡುವಿನದು. ಕಾಲವನ್ನು ಅಳೆಯುವಾಗ ನನ್ನಂಥವನು ಊರಿನ ಕೋಲನ್ನೇ ಎತ್ತಿಕೊಳ್ಳುತ್ತಾನೆ. ಇಟಗಿಯ ಮಹಾದೇವ ದೇವಾಲಯ 1112ರದು. ಅದರ ಕಂಬಗಳ ನುಣುಪು ಹಳತಾಗುವ ಮೊದಲೇ, ಕಲ್ಯಾಣದಲ್ಲಿ ಬಸವಣ್ಣನವರಿದ್ದ ಹೊತ್ತಿಗೆ, ಯುರೋಪಿನ ಈ ಕಟ್ಟಕಡೆಯ ಇಳಿಜಾರಿನಲ್ಲೂ ಒಬ್ಬ ಕಲ್ಲುಕುಟಿಗ ಬಾಗಿಲ ಕಮಾನಿಗೆ ಅಂಕುಡೊಂಕು ಗೆರೆ ಕೊರೆಯುತ್ತಿದ್ದ.

ಆ ಬಾಗಿಲು ಪಶ್ಚಿಮಕ್ಕಿದೆ. ಒಂದರೊಳಗೊಂದು ಕೂತ ಅರೆವೃತ್ತದ ಕಮಾನುಗಳು, ಮೇಲೆ ಮಳೆಗಾಳಿಗೆ ಮೂಗು ತುಟಿ ಕಳೆದುಕೊಂಡ ಒಂದು ಮನುಷ್ಯಮುಖ. ಒಳಗೆ ಹೋದರೆ ಎರಡೂ ಉದ್ದಗೋಡೆಗಳಲ್ಲಿ ಅರೆಗಂಬಗಳ ಸಾಲು. ಇದು ಕ್ಯಾಶೆಲ್ ಬಂಡೆಯ ಮೇಲೆ 1134ರಲ್ಲಿ ಪ್ರತಿಷ್ಠಾಪನೆಗೊಂಡ, ರಾಜ ಕಾರ್ಮಕ್‌ನ ಚ್ಯಾಪೆಲ್ ಎಂಬ ಪ್ರಾರ್ಥನಾಮಂದಿರದಿಂದ ಕಲಿತದ್ದು. ರಾಜನ ಕಟ್ಟಡ ನೋಡಿಬಂದ ಹಳ್ಳಿಯ ಮೇಸ್ತ್ರಿಯ ಕೈಕೆಲಸ ಎಂದುಕೊಳ್ಳಬಹುದು. ಸೂರು ಕೂಡ ಕಲ್ಲಿನದೇ ಇತ್ತು. ಗೋಡೆಯ ನೆತ್ತಿಯಲ್ಲಿ ಅದರ ಮೊದಲ ಕೆಲವು ಸಾಲುಗಳು ಇಂದಿಗೂ ಒಳಕ್ಕೆ ಬಾಗಿಕೊಂಡು ನಿಂತಿವೆ, ಹೇಳಲು ಹೊರಟ ಮಾತನ್ನು ಅರ್ಧಕ್ಕೆ ಬಿಟ್ಟವರ ಬಾಯಿಯ ಹಾಗೆ. ಉಳಿದದ್ದು ಆಕಾಶ. ಸೋನೆ ನೇರವಾಗಿ ಒಳಗೇ ಬೀಳುತ್ತಿತ್ತು.

ಒಳಗೆ ಒಂದು ಕುಳ್ಳ ಕಲ್ಲಿದೆ. ಅಕ್ಷರಮಾಲೆಯ ಕಲ್ಲು ಎನ್ನುತ್ತಾರೆ. ಚರ್ಚಿಗಿಂತ ನೂರಾರು ವರ್ಷ ಹಳೆಯದಾದ ಅದರ ಮೈಮೇಲೆ ಲ್ಯಾಟಿನ್ ಅಕ್ಷರಗಳನ್ನು ಸಾಲಾಗಿ ಕೆತ್ತಿದ್ದಾರೆ. ಮಠಕ್ಕೆ ಬಂದ ಹುಡುಗರು ಇದನ್ನು ನೋಡಿ ಓದು ಕಲಿತರೆಂದು ಹೇಳುವುದುಂಟು. ಪಾಟಿಯ ಮೇಲೆ ಅ ಆ ತಿದ್ದಿಸಿದ ನನಗೆ ಅದನ್ನು ನಂಬುವುದು ಇಷ್ಟ, ಹಾಗೆಂದು ವಾದಿಸಲಾರೆ. ತೋರುಬೆರಳಿನಿಂದ ಗಾಳಿಯಲ್ಲೇ ಅಕ್ಷರಗಳನ್ನು ತಿದ್ದಿ ಮುಂದೆ ಹೋದೆ. ಕಲ್ಲನ್ನು ಮುಟ್ಟಲಿಲ್ಲ, ಯಾರೂ ಮುಟ್ಟಬಾರದು.

ಪೂರ್ವದ ಗೋಡೆಯಲ್ಲಿ ಒಂದು ಕಿರುಗಿಟಕಿ. ಇದರ ಹೆಸರು ‘ಸೂಜಿಯ ಕಣ್ಣು’. ಹರಕೆ ಹೊತ್ತು ಬಂದವರು ಚರ್ಚಿಗೆ ಪ್ರದಕ್ಷಿಣೆ ಹಾಕಿ ಈ ಕಿಂಡಿಯಲ್ಲಿ ನುಸುಳುತ್ತಿದ್ದರಂತೆ, ನುಸುಳಿದವರಿಗೆ ಸದ್ಗತಿ ಎಂಬ ನಂಬಿಕೆಯಿತ್ತಂತೆ. ನನ್ನ ಹೊಟ್ಟೆಯ ಸುತ್ತಳತೆ ನೋಡಿ ಮಗಳು ಏನೂ ಹೇಳಲಿಲ್ಲ.

ಚರ್ಚು ಹಾಳಾದದ್ದು ಒಂದೇ ದಿನದಲ್ಲಲ್ಲ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ರೋಮ್‌ನ ಪೋಪರೊಂದಿಗೆ ಸಂಬಂಧ ಕಡಿದುಕೊಂಡ ಮೇಲೆ ಐರ್ಲೆಂಡಿನ ಹಳೆಯ ಚರ್ಚುಗಳು ಹೊಸ ಸರಕಾರಿ ಧರ್ಮದ ಪಾಲಾದವು, ಜನರು ಮಾತ್ರ ಹಳೆಯ ಕ್ಯಾಥೊಲಿಕ್ ಧರ್ಮದಲ್ಲೇ ಉಳಿದರು. ಕಟ್ಟಡ ಒಬ್ಬರದು, ಭಕ್ತರು ಇನ್ನೊಬ್ಬರವರು. ಎರಡು ಕಡೆಯವರೂ ಸೂರು ರಿಪೇರಿ ಮಾಡಿಸಲಿಲ್ಲ. ಮೇಲಿಂದ ಯುದ್ಧಗಳು. ಎದುರಿಗೆ ಕಾಣುವ ಸ್ಮೆರ್ವಿಕ್ ಕೊಲ್ಲಿಯ ದಡದ ಕೋಟೆಯಲ್ಲಿ 1580ರ ನವೆಂಬರ್‌ನಲ್ಲಿ, ಐರಿಶ್ ಬಂಡಾಯಗಾರರ ನೆರವಿಗೆ ಬಂದು ಶರಣಾದ ಸುಮಾರು 600 ಇಟಾಲಿಯನ್ ಮತ್ತು ಸ್ಪ್ಯಾನಿಷ್ ಸೈನಿಕರನ್ನು ಇಂಗ್ಲಿಷ್ ಸೇನೆ ಕತ್ತರಿಸಿ ಹಾಕಿತು. ಇಷ್ಟೆಲ್ಲ ಆದರೂ ಒಂದು ಕೆಲಸ ಮಾತ್ರ ನಿಲ್ಲಲಿಲ್ಲ. ಪೂಜೆಗೆ ಬರುವುದು ನಿಂತ ಮೇಲೂ ಜನರು ಹೂಳುವುದಕ್ಕೆ ಇಲ್ಲಿಗೇ ಬಂದರು, ಅಜ್ಜ ಮುತ್ತಜ್ಜಂದಿರು ಇದ್ದದ್ದು ಇಲ್ಲಿ ಎಂಬ ಒಂದೇ ಕಾರಣಕ್ಕೆ. ಐರ್ಲೆಂಡಿನ ಎಷ್ಟೋ ಪಾಳು ಚರ್ಚುಗಳ ಕಥೆ ಇದೇ. ಚರ್ಚು ಬಿದ್ದ ಮೇಲೂ ಅದರ ಅಂಗಳ ಬಳಕೆಯಲ್ಲಿ ಉಳಿದದ್ದರಿಂದಲೇ ಕಲ್ಲುಗಳನ್ನು ಯಾರೂ ಕಿತ್ತು ದನದ ಕೊಟ್ಟಿಗೆಗೆ ಒಯ್ಯಲಿಲ್ಲ ಎಂದು ನನ್ನ ಎಣಿಕೆ.

ಅಂಗಳದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಓಘಂ ಕಲ್ಲಿನ ಮುಂದೆ. ಆಳೆತ್ತರದ ತೆಳ್ಳನೆಯ ಕಂಬ, ತಲೆಯ ಹತ್ತಿರ ಹೆಬ್ಬೆರಳು ಹಿಡಿಯುವಷ್ಟು ತೂತು. ಓಘಂ ಎಂಬುದು ಐರಿಶ್ ಭಾಷೆಯ ಹಳೆಯ ಲಿಪಿ, ಕಲ್ಲಿನ ಮುಖದ ಮೇಲಲ್ಲ, ಅಂಚಿನ ಮೇಲೆ ಬರೆಯುವಂಥದು. ಬುಡದಿಂದ ಮೇಲಕ್ಕೆ ಓದಬೇಕು. ಮಗಳು ಫೋನಿನಲ್ಲಿ ಅಕ್ಷರಪಟ್ಟಿ ತೆರೆದು ಹಿಡಿದಳು, ನಾನು ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿದೆ. ಒಂದು ಕಚ್ಚು, ಅಂಚಿನ ಒಂದೇ ಬದಿಗೆ ಐದು ಗೆರೆ, ಅಂಚನ್ನು ದಾಟುವ ಒಂದು ಓರೆಗೆರೆ. ಅ, ನ್, ಮ್. ‘ಅನ್ಮ್’ ಎಂದರೆ ಹೆಸರು. ‘ಬ್ರೋಕನ್‌ನ ಮಗ ಮೀಲ್ ಇನ್‌ಬಿರ್‌ನ ಹೆಸರು’ ಎಂಬುದಷ್ಟೇ ಇಡೀ ಶಾಸನ. ಸಂಸ್ಕೃತದ ‘ನಾಮನ್’, ಲ್ಯಾಟಿನ್ನಿನ ‘ನೋಮೆನ್’, ಈ ‘ಅನ್ಮ್’ ಮೂರೂ ಒಂದೇ ಬೇರಿನ ಚಿಗುರುಗಳು. ನಮ್ಮ ‘ಹೆಸರು’ ಆ ಬಳಗಕ್ಕೆ ಸೇರಿದ್ದಲ್ಲವಾದರೂ, ನಾಮಕರಣ ಮಾಡುವಾಗಲೆಲ್ಲ ನಾವೂ ಆ ಬೇರಿನಿಂದ ಎರವಲು ತಂದದ್ದನ್ನೇ ಬಳಸುತ್ತೇವೆ. ಓಘಂ ಕಲ್ಲುಗಳು ಹೆಚ್ಚಾಗಿ 4ರಿಂದ 7ನೆಯ ಶತಮಾನದವು; ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನವೂ ಆ ಅವಧಿಯದೇ. ಅಲ್ಲಿ ದಾನ, ಯುದ್ಧ, ಶಾಪ ಎಲ್ಲ ಇದೆ. ಇಲ್ಲಿ ಇಂಥವನ ಮಗ ಇಂಥವನು ಎಂಬುದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಏಳುವಾಗಲೇ ಅನಾಹುತವಾಯಿತು. ಹುಲ್ಲು ಮುಚ್ಚಿದ ತಗ್ಗೊಂದರಲ್ಲಿ ಬಲಗಾಲು ಪಾದದವರೆಗೆ ಹೋಯಿತು. ಹಳೆಯ ಸಮಾಧಿಗಳು ಒಳಗಿಂದೊಳಗೇ ಕುಸಿದು ಹೀಗೆ ತಗ್ಗು ಬಿಟ್ಟಿರುತ್ತವೆ. ಗಟ್ಟಿ ಹಿಮ್ಮಡಿಯ, ನೀರಿಳಿಯದ ಬೂಟಿಲ್ಲದೆ ಇಂಥ ಅಂಗಳಕ್ಕೆ ಇಳಿಯಬಾರದು, ಇಳಿದರೂ ಸವೆದ ಕಾಲುಹಾದಿ ಬಿಡಬಾರದು. ನೋವಿಗಿಂತ ನಾಚಿಕೆಯೇ ಹೆಚ್ಚಾಗಿ, ಯಾರದೋ ಎದೆಯ ಮೇಲೆ ಕಾಲಿಟ್ಟೆನಲ್ಲಾ ಎಂದು ಅಪ್ರಯತ್ನವಾಗಿ ಕೈಮುಗಿದೆ. ‘ಬಿಡಿ, ಅವರು ಬೈಯುವುದಿಲ್ಲ’ ಎಂಬ ಮಾತು ಹಿಂದಿನಿಂದ ಕೇಳಿತು.

ಎಪ್ಪತ್ತು ದಾಟಿದ ರೈತರೊಬ್ಬರು. ಕೈಯಲ್ಲಿ ಕುರಿ ಕತ್ತರಿ, ಅದರಿಂದ ಸಮಾಧಿಯ ಸುತ್ತಲಿನ ಹುಲ್ಲು ಕತ್ತರಿಸುತ್ತಿದ್ದರು. ‘ದೀಯ ಗ್ವಿತ್’ ಎಂದರು. ‘ದೇವರು ನಿನ್ನೊಂದಿಗಿರಲಿ’ ಎಂಬರ್ಥದ ಆ ನಮಸ್ಕಾರಕ್ಕೆ ದೇವರ ಜೊತೆ ಮೇರಿಯನ್ನೂ ಸೇರಿಸಿ ಮರುನುಡಿಯಬೇಕೆಂದು ಮಗಳಿಗೆ ಗೊತ್ತಿದ್ದುದರಿಂದ ನಮ್ಮ ಮರ್ಯಾದೆ ಉಳಿಯಿತು. ಗೋಡೆಯ ಮೇಲೆ ಮೂವರೂ ಕೂತೆವು. ನಾವು ಬುತ್ತಿ ಬಿಚ್ಚಿದೆವು: ಧಾರವಾಡದಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಸ್ಥಳೀಯ ಮೊಸರು. ಅವರು ರೊಟ್ಟಿಯನ್ನು ಮುರಿದು, ಸದ್ದು ಕೇಳಿ, ಯಾವ ಧಾನ್ಯ ಎಂದು ವಿಚಾರಿಸಿದರು. ಜೋಳ ಎಂಬುದನ್ನು ಅವರಿಗೆ ತಿಳಿಸುವುದಕ್ಕೆ ಐದು ನಿಮಿಷ ಹಿಡಿಯಿತು. ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಂಡರೂ ಇನ್ನೊಂದು ಚೂರು ತೆಗೆದುಕೊಂಡರು.

ನಿಮ್ಮವರು ಎಲ್ಲಿದ್ದಾರೆ ಎಂದು ಕೇಳಿದೆ. ಅಪ್ಪ ಅಮ್ಮ ಆ ಬೂದುಗಲ್ಲಿನ ಕೆಳಗೆ ಎಂದು ತೋರಿಸಿದರು. ಕಲ್ಲಿನ ಮೇಲೆ ಐರಿಶ್‌ನಲ್ಲಿ ‘ಅವರ ಆತ್ಮಗಳು ದೇವರ ಬಲಗಡೆಗಿರಲಿ’ ಎಂದಿತ್ತು. ‘ಅವರ ಹಿಂದಿನವರು?’ ಎಂದೆ. ಅವರು ಎದ್ದು, ಅಂಗಳದ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು, ಎರಡು, ಮೂರು ಎಂದು ಹೆಜ್ಜೆ ಎಣಿಸಿ ಒಂಬತ್ತಕ್ಕೆ ನಿಂತು, ಎಡಕ್ಕೆ ಹೊರಳಿ ಮತ್ತೆ ಎರಡು ಹೆಜ್ಜೆ ಇಟ್ಟರು. ಅಲ್ಲಿ ಅಕ್ಷರವಿಲ್ಲದ ಎರಡು ಕಾಡುಗಲ್ಲುಗಳಿದ್ದವು, ತಲೆಗೊಂದು, ಕಾಲಿಗೊಂದು. ಕಲ್ಲಿಗೆ ಹೆಸರು ಕೊರೆಸುವ ದುಡ್ಡು ಆಗ ಯಾರಲ್ಲೂ ಇರಲಿಲ್ಲ. 1840ರ ದಶಕದ ಬರದಲ್ಲಂತೂ ಕಲ್ಲು ಇಡುವುದೇ ದೊಡ್ಡದಾಗಿತ್ತು. ‘ನನಗೆ ಅಪ್ಪ ಎಣಿಸಿ ತೋರಿಸಿದ್ದ. ನನ್ನ ಮಗಳಿಗೆ ನಾನು ತೋರಿಸಿದ್ದೇನೆ. ಆಸ್ಟ್ರೇಲಿಯಾದಿಂದ ಬಂದಾಗಲೆಲ್ಲ ಅವಳ ಕೈಯಲ್ಲಿ ಎಣಿಸಿಸುತ್ತೇನೆ.’ ಒಂಬತ್ತು ಹೆಜ್ಜೆ, ಎಡಕ್ಕೆ ಎರಡು. ಆ ಮನೆತನದ ಶಾಸನ ಅದು.

ನಾವು ಹೂಳುವವರೋ ಸುಡುವವರೋ ಎಂದು ಅವರು ಕೇಳಿದರು. ಭಾರತದವರೆಲ್ಲ ಸುಡುತ್ತಾರೆಂದು ಅವರು ಕೇಳಿದ್ದರಂತೆ. ನಮ್ಮದು ಲಿಂಗಾಯತರ ಮನೆ, ಹೂಳುತ್ತೇವೆ, ಆದರೆ ಮಲಗಿಸುವುದಿಲ್ಲ, ಕೂರಿಸುತ್ತೇವೆ ಎಂದೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಬಿಲ್ವಪತ್ರೆ, ಪೂಜೆಗೆ ಕೂತ ಹಾಗೆಯೇ. ಅವರು ಬಹಳ ಹೊತ್ತು ಯೋಚಿಸಿ, ‘ಇಲ್ಲಿ ಕಾಲನ್ನು ಪೂರ್ವಕ್ಕೆ ಮಾಡಿ ಮಲಗಿಸುತ್ತೇವೆ, ಕರೆ ಬಂದ ದಿನ ಎದ್ದರೆ ಮುಖ ಸೂರ್ಯನಿಗಿರಲಿ ಎಂದು. ನಿಮ್ಮವರು ಕೂತೇ ಇರುವುದರಿಂದ ನಮಗಿಂತ ಬೇಗ ಏಳುತ್ತಾರೆ’ ಎಂದರು. ಅನಂತರ, ನಿಮ್ಮ ಅಜ್ಜನ ಜಾಗ ಎಲ್ಲಿದೆ ಎಂದು ಕೇಳಿದರು. ನವಲಗುಂದದ ಕಡೆಯ ಹೊಲದಲ್ಲಿ ಎಂದೆ. ಆ ಹೊಲ ಈಗ ನಮ್ಮದಲ್ಲ ಎಂಬುದನ್ನು ಹೇಳಲಿಲ್ಲ.

ಮಧ್ಯಾಹ್ನದ ಮೇಲೆ ಮಗಳ ಒತ್ತಾಯಕ್ಕೆ ‘ಸಂತರ ಹಾದಿ’ಯಲ್ಲಿ ಸ್ವಲ್ಪ ದೂರ ನಡೆದೆವು. ವೆಂಟ್ರಿ ಕಡಲತೀರದಿಂದ ಹೊರಟು, ಈ ಚರ್ಚಿನ ಮಗ್ಗುಲಿಂದ ಹಾದು, ಬ್ರ್ಯಾಂಡನ್ ಬೆಟ್ಟದ ಬುಡದವರೆಗೆ ಸುಮಾರು 18 ಕಿಲೋಮೀಟರ್ ಸಾಗುವ ಹಳೆಯ ಯಾತ್ರೆಯ ದಾರಿ ಅದು. ಉಳುಕಿದ ಕಾಲು ಎರಡು ಕಿಲೋಮೀಟರ್‌ಗೇ ಮುಷ್ಕರ ಹೂಡಿತು.

ಮೂರನೆಯ ದಿನ: ರೀಸ್ಕ್, ಮತ್ತೆ ಕಿಲ್‌ಮಲ್ಕೇದರ್

ಬೆಳಗ್ಗೆ ಎದ್ದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಹಿಂದಿರುಗುವ ಮೊದಲು ಗ್ಯಾಲರಸ್‌ನ ಪುಟ್ಟ ಪ್ರಾರ್ಥನಾಗೃಹವನ್ನು ಎಲ್ಲರಂತೆ ನಾವೂ ನೋಡಿದೆವು. ಬೋರಲು ಹಾಕಿದ ದೋಣಿಯಂಥ ಕಟ್ಟಡ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ತುಸು ತುಸುವೇ ಒಳಕ್ಕೆ ಚಾಚಿ ಮುಚ್ಚಿದ್ದಾರೆ. ನಮ್ಮ ದೇವಾಲಯಗಳ ಒಳಮಾಳಿಗೆಯ ಲೆಕ್ಕವೂ ಇದೇ. ಪ್ರವಾಸಿಗಳ ಬಸ್ಸುಗಳು ಬರುವ ಮೊದಲು, ಅಂದರೆ ಹತ್ತರ ಒಳಗೆ, ಹೋದರೆ ಒಳಗೆ ಒಬ್ಬರೇ ನಿಲ್ಲಬಹುದು. ಸುಂದರವೆನ್ನುವುದರಲ್ಲಿ ಸಂಶಯವಿಲ್ಲ; ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ನಿಂತದ್ದು ಬ್ಯಾಲಿಫೆರಿಟರ್ ಹತ್ತಿರದ ರೀಸ್ಕ್‌ನಲ್ಲಿ. ಗುಂಡಗಿನ ಗೋಡೆಯೊಳಗೆ ಮೊಣಕಾಲೆತ್ತರಕ್ಕೆ ಉಳಿದ ಮಠದ ಗುಡಿಸಲುಗಳ ಅಡಿಪಾಯ, ನಡುವೆ ಸುರುಳಿ ಬಳ್ಳಿಗಳನ್ನು ಕೆತ್ತಿದ ಒಂದು ಶಿಲುಬೆಗಲ್ಲು. ಎಳೆಯ ಬಿಸಿಲು ಓರೆಯಾಗಿ ಬಿದ್ದಾಗ ಆ ಸುರುಳಿಗಳು ರಂಗೋಲಿಯ ಎಳೆಗಳ ಹಾಗೆ ಎದ್ದು ಕಾಣುತ್ತವೆ. ಟಾಮ್ ಫ್ಯಾನಿಂಗ್ ಎಂಬ ಪುರಾತತ್ವಜ್ಞ 1970ರ ದಶಕದಲ್ಲಿ ಇಲ್ಲಿ ಉತ್ಖನನ ಮಾಡಿದ. ಮಠ ಹಾಳುಬಿದ್ದ ನಂತರದ ಶತಮಾನಗಳಲ್ಲಿ ಈ ಜಾಗ ‘ಕಲ್ಲೂನಖ್’ ಆಗಿತ್ತು. ಜ್ಞಾನಸ್ನಾನವಾಗುವ ಮೊದಲೇ ತೀರಿಕೊಂಡ ಹಸುಗೂಸುಗಳನ್ನು ಹೂಳುವ ಜಾಗಕ್ಕೆ ಆ ಹೆಸರು. ಪ್ರತಿಷ್ಠೆಯಾದ ರುದ್ರಭೂಮಿಯಲ್ಲಿ ಅವಕ್ಕೆ ಸ್ಥಳವಿರಲಿಲ್ಲ; ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ‘ಲಿಂಬೋ’ ಎಂಬಲ್ಲಿ ಅವು ಉಳಿಯುತ್ತವೆಂದು ಕಲಿಸುತ್ತಿದ್ದರು. ಆದ್ದರಿಂದ ಅಪ್ಪಂದಿರು ಕತ್ತಲಾದ ಮೇಲೆ, ಪಾದ್ರಿಯಿಲ್ಲದೆ, ಇಂಥ ಪಾಳು ಮಠಗಳಿಗೆ, ಕಡಲಂಚಿಗೆ, ಊರ ಎಲ್ಲೆಗೆ ಕೂಸನ್ನು ಒಯ್ಯುತ್ತಿದ್ದರು. ಐರ್ಲೆಂಡಿನಲ್ಲಿ ಈ ಪದ್ಧತಿ ಕಳೆದ ಶತಮಾನದ ನಡುವಿನವರೆಗೂ ಇತ್ತು. ಅಂಥ ಮಕ್ಕಳಿಗೂ ಮುಕ್ತಿಯ ಭರವಸೆಯಿಡಲು ಕಾರಣಗಳಿವೆ ಎಂದು ವ್ಯಾಟಿಕನ್ನಿನ ಧರ್ಮಶಾಸ್ತ್ರಜ್ಞರ ಆಯೋಗ ಹೇಳಿದ್ದು 2007ರಲ್ಲಿ.

ಪಾಳು ಬಿದ್ದದ್ದನ್ನೇ ಹುಡುಕಿಕೊಂಡು ಹೋಗಿ ಹೂಳಿದ ಆ ಅಪ್ಪಂದಿರ ಲೆಕ್ಕಾಚಾರ ಏನಿದ್ದಿರಬಹುದು? ಪಾದ್ರಿ ಒಲ್ಲೆನೆಂದರೂ ಇದು ಹಿಂದೊಮ್ಮೆ ಪವಿತ್ರವಾಗಿದ್ದ ಮಣ್ಣು, ಅದರ ಕಸುವು ಇನ್ನೂ ಹೋಗಿರಲಾರದು ಎಂದುಕೊಂಡರೇನೋ. ನಮ್ಮ ಕಡೆಯೂ ಹಸುಗೂಸುಗಳಿಗೆ ದೊಡ್ಡವರ ಕ್ರಿಯಾವಿಧಿಗಳಿಲ್ಲ. ನನ್ನ ತಾಯಿ ನನಗಿಂತ ಮೊದಲು ಕಳೆದುಕೊಂಡ ಕೂಸಿನ ಜಾಗವನ್ನು ಯಾರೂ ನಮಗೆ ತೋರಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಮಗಳು ನನ್ನ ಮುಖ ನೋಡಿ, ಕಾರಿನ ಕೀಲಿ ತೆಗೆದುಕೊಂಡು, ‘ಮತ್ತೊಮ್ಮೆ ಚರ್ಚಿಗೆ ಹೋಗೋಣವೇ?’ ಎಂದಳು.

ಹೋದೆವು. ಹಿಂದಿನ ದಿನ ಮೋಡದಲ್ಲಿ ನೋಡಿದ ಅಂಗಳವೇ ಇದು ಎಂದು ನಂಬಲಾಗಲಿಲ್ಲ. ಕಲ್ಲುಹೂಗಳಲ್ಲಿ ಕಿತ್ತಳೆ, ಸಾಸಿವೆ, ಬೂದು ಬಣ್ಣಗಳೆಲ್ಲ ಎದ್ದಿದ್ದವು. ಬಿಸಿಲಿಗಾಗಿ ನಾನು ಉಳಿಸಿಟ್ಟುಕೊಂಡದ್ದು ಸೂರ್ಯಗಡಿಯಾರವನ್ನು. ಸೊಂಟದೆತ್ತರದ ಕಲ್ಲು, ತಲೆಯಲ್ಲಿ ಅರ್ಧಚಂದ್ರ, ಅದರೊಳಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಗೆರೆಗಳು, ಮುಳ್ಳು ನಿಲ್ಲಿಸುತ್ತಿದ್ದ ಒಂದು ಕುಳಿ. ಗಂಟೆಗಳನ್ನಲ್ಲ, ಮಠದವರ ಪ್ರಾರ್ಥನೆಯ ಹೊತ್ತುಗಳನ್ನು ತೋರಿಸುವ ಯಂತ್ರ ಇದು. ಮುಳ್ಳು ಎಂದೋ ಹೋಗಿದೆ.

ನೆರಳು ನೋಡಬೇಕಾದರೆ ಇಲ್ಲಿ ಮುಳ್ಳೇ ಬೇಕೆಂದಿಲ್ಲ. ಅಂಗಳದ ಎತ್ತರದ ಕಲ್ಲುಶಿಲುಬೆಯ ನೆರಳನ್ನು ನೋಡುತ್ತ ಗೋಡೆಯ ಮೇಲೆ ಕೂತೆವು. ಗಡಿಯಾರದಲ್ಲಿ ಹನ್ನೆರಡಾಯಿತು, ನೆರಳು ಇನ್ನೂ ಪಶ್ಚಿಮದ ಕಡೆಗೆ ವಾಲಿಕೊಂಡಿತ್ತು. ಒಂದಾಯಿತು, ಇನ್ನೂ ಓರೆ. ಡಿಂಗಲ್ ಸೀಮೆ ಗ್ರೀನಿಚ್‌ನಿಂದ ಹತ್ತು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಅದಕ್ಕೆ ನಲವತ್ತು ನಿಮಿಷ, ಬೇಸಿಗೆಯೆಂದು ಸರಕಾರ ಮುಂದೆ ತಳ್ಳಿದ್ದು ಇನ್ನೊಂದು ಗಂಟೆ. ಹೀಗಾಗಿ ಇಲ್ಲಿ ನಿಜವಾದ ಮಧ್ಯಾಹ್ನ ಆಗುವುದು 1.40ರ ಸುಮಾರಿಗೆ. ಆ ಹೊತ್ತಿಗೆ ಶಿಲುಬೆಯ ನೆರಳು ಗಿಡ್ಡವಾಗಿ, ಚರ್ಚಿನ ಉದ್ದಕ್ಕೆ ಅಡ್ಡವಾಗಿ, ನೇರ ಉತ್ತರಕ್ಕೆ ಬಂದು ನಿಂತಿತು. ಸುತ್ತಲಿನ ನೂರಾರು ಕಲ್ಲುಗಳ ನೆರಳುಗಳೂ, ಹೊಸವು, ಹಳೆಯವು, ಹೆಸರಿಲ್ಲದವು ಎಲ್ಲವೂ, ಆಗ ಅದೇ ದಿಕ್ಕಿಗೆ ಮುಖ ಮಾಡಿದ್ದವು.

ನಾನು ಎದ್ದು, ಗೋಡೆಗೆ ಬೆನ್ನು ಕೊಟ್ಟು, ಒಂಬತ್ತು ಹೆಜ್ಜೆ ಎಣಿಸಿ ಎಡಕ್ಕೆ ಎರಡಿಟ್ಟೆ. ಅವೆರಡು ಕಲ್ಲುಗಳು ಅಲ್ಲೇ ಇದ್ದವು.

ಧಾರವಾಡದಲ್ಲಿ ಆಗ ಸಂಜೆ 6.10. ಅಣ್ಣನಿಗೆ ಫೋನ್ ಮಾಡಿದೆ. ಹೊಲ ಮಾರುವಾಗ ಖರೀದಿಪತ್ರದಲ್ಲಿ ಅಜ್ಜನ ಗದ್ದುಗೆಯ ಜಾಗ ಬಿಟ್ಟು ಎಂದು ಒಂದು ಸಾಲು ಬರೆಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೊಂಡವರು ಬದು ಒಡೆದು ಹತ್ತಿ ಬಿತ್ತಿದಾಗ ಅವರನ್ನು ಬೈದುಕೊಂಡು ಸುಮ್ಮನಾಗಿದ್ದೆವು. ‘ಅಣ್ಣಾ, ಬಾವಿಯಿಂದ ಅಜ್ಜನ ಗದ್ದುಗೆಗೆ ಎಷ್ಟು ಹೆಜ್ಜೆ ಇದ್ದವು?’ ಎಂದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ಆ ಗಾಳಿ ನನ್ನ ಕಡೆಯದು.

‘ಬಾವೀನೇ ಮುಚ್ಯಾರಲ್ಲೋ’ ಎಂದ ಅಣ್ಣ. ಆಮೇಲೆ, ‘ಬೇವಿನ ಗಿಡದಿಂದ ಆದ್ರ ಹೇಳಬಲ್ಲೆ. ಗಿಡ ಕಡದಾರ, ಬೊಡ್ಡಿ ಐತಿ. ನೀ ಬಾ, ಇಬ್ರೂ ಹೋಗಿ ನೋಡೂಣು’ ಎಂದ.